ಮುಳ್ಳು ನಿಲ್ಲುವ ಮುನ್ನ

ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ನಾನು ತೂಕದವನು.
ಇಪ್ಪತ್ತಾರು ವರ್ಷ. ದೇವರ ವಿಷಯ ನನ್ನ ಖಾತೆಯದಲ್ಲ.
ಆದರೆ ನೊವೊಮಿ ಚಿನ್ನಪ್ಪ ಅಂದರೆ
ನಮ್ಮ ಹಮಾಲರಿಗೆಲ್ಲ ಗೊತ್ತು:
ಕೋಲಾರದ ಲಾರಿಯಲ್ಲಿ ಯಾರೋ ಕ್ಲೀನರ್
ಬಿಟ್ಟುಹೋದ ಕ್ಯಾಸೆಟ್ಟು,
ಹರಿದ ಕಾಗದದ ಮೇಲೆ ಹುಡುಗಿಯ ಅರ್ಧ ಮುಖ,
ಪೂರ್ತಿ ಗಿಟಾರು.

ಹೊರೆ ಇಳಿಸು, ಹೊರೆ ಇಳಿಸು, ಓ ದಾರಿಹೋಕನೇ—
ಡ್ರಮ್ಮು, ಕೀಬೋರ್ಡು, ನಾಲ್ಕು ಜನರ ಚಪ್ಪಾಳೆ.
ಜವರಯ್ಯ ಅದಕ್ಕೆ ಮೂಟೆ ಎತ್ತುವುದ ಕಲಿಸಿದ:
‘ಹೊರೆ’ಗೆ ಬಗ್ಗು, ‘ಇಳಿಸು’ಗೆ ಎತ್ತು.
ಇಳಿಸು ಅಂತ ಅವಳು, ಎತ್ತು ಅಂತ ಇವನು,
ಹಾಗೇ ಹನ್ನೊಂದು ಸೀಸನ್ನು
ಅರ್ಧ ಜಿಲ್ಲೆಯ ಹೊಲ ನಮ್ಮ ಬೆನ್ನ ಮೇಲಿಂದ ಹೋಯಿತು.

ಮೊನ್ನೆ ಡಿಸೆಂಬರಿನಲ್ಲಿ ಅವಳೇ ಬಂದಳು.
ಚರ್ಚಿನ ಸಭಾಂಗಣಕ್ಕೆ ಹೆಂಚು ಬದಲಿಸುತ್ತಿದ್ದರಂತೆ,
ಪಾದ್ರಿಗಳು ನಮ್ಮ ಖಾಲಿ ಗೋಡೌನು ಕೇಳಿದರು.
ಗುಡಿಸಿದೆವು. ಎಷ್ಟು ಗುಡಿಸಿದರೂ
ಕೊಳೆತ ಗೆಡ್ಡೆಯ ಸಿಹಿ ವಾಸನೆ ಹೋಗಲಿಲ್ಲ.
ಬಿಳಿ ಸೀರೆಯವರು ಮೂಗಿಗೆ ಸೆರಗು ಹಿಡಿದು ಕೂತರು,
ಹುಡುಗರು ಮುಂದೆ, ಕುಣಿಯಲು ಬೂಟು ಬಿಗಿದು.
ನಾನು ಹಿಂದೆ, ನನ್ನ ತಕ್ಕಡಿಯ ಕಟ್ಟೆಯ ಮೇಲೆ.

ಡ್ರಮ್ಮು ಇಲ್ಲ. ತಂಡ ಇಲ್ಲ.
ಬ್ಯಾನರಿನಲ್ಲಿ ಮುಳ್ಳು ತೊಟ್ಟ ತಲೆ, ಅದರ ಕೆಳಗೆ
ಐವತ್ತರ ಹೆಂಗಸು, ಕನ್ನಡಕ, ಕಂದು ಸ್ವೆಟರು,
ಮಡಿಲ ಮುಂದೆ ಒಂದು ಹಾರ್ಮೋನಿಯಂ.
ಹಾಡು ಶುರುವಾದದ್ದು ಯಾರಿಗೂ ತಿಳಿಯಲಿಲ್ಲ.
ಪಕ್ಕದ ಮನೆಯಲ್ಲಿ ಸಾಲ ಕೇಳುವ ದನಿ:
ಅಕ್ಕ ಆಸ್ಪತ್ರೆಯಲ್ಲಿದ್ದ ನಲವತ್ತೊಂದು ರಾತ್ರಿ
ಹೆಸರು ಹಿಡಿದು ಕೂಗಿದೆ,
ನೀನು ಓ ಅನ್ನಲಿಲ್ಲ—
ಅಷ್ಟೇ. ಪಲ್ಲವಿ ಇಲ್ಲ. ‘ಆದರೂ’ ಇಲ್ಲ.

ಚಪ್ಪಾಳೆಗೆ ಎತ್ತಿದ ಕೈಗಳು
ಎಲ್ಲಿ ಹೋಗಬೇಕು ತಿಳಿಯದೆ
ಮೊಣಕಾಲ ಮೇಲೆ, ಫೋನಿನ ಮೇಲೆ,
ಮುಂದಿನ ಕುರ್ಚಿಯ ಬೆನ್ನ ಮೇಲೆ ಕೂತವು.
ಇಬ್ಬರು ಎದ್ದುಹೋದರು. ಒಬ್ಬಾಕೆ
‘ಇದೂ ಒಂದು ಸಾಕ್ಷಿಯಾ?’ ಅಂದಳು
ಗಂಡನಿಗೆ, ನಮಗೆಲ್ಲ ಕೇಳುವ ಹಾಗೆ.
ನನಗೂ ಸಿಟ್ಟು ಬಂತು, ಸುಳ್ಳೇಕೆ.
ಮಾದರಿ ತೋರಿಸಿದ್ದು ಒಂದು,
ಮೂಟೆ ಬಿಚ್ಚಿದರೆ ಇನ್ನೊಂದು.

‘ಹಳೇದು ಹಾಡಮ್ಮಾ!’
ಮೇಲಿನ ತಗಡಿಗೆ ಬಡಿದು ವಾಪಸು ಬಂದ ಮೇಲೆ
ಅದು ನನ್ನ ದನಿ ಅಂತ ಗೊತ್ತಾಯಿತು.

ಅವಳು ಕನ್ನಡಕ ಒರೆಸಿಕೊಂಡಳು.
ಹಾಡಿದಳು. ಅದೇ ಹಾಡು. ಎಷ್ಟು ನಿಧಾನ ಅಂದರೆ
ಆ ಲೆಕ್ಕಕ್ಕೆ ಎತ್ತಿದ್ದರೆ ಮೂಟೆ ಕಾಲ ಮೇಲೆ ಬೀಳುತ್ತಿತ್ತು.
ಹೊರೆ, ಅಂದಳು. ಬಿಟ್ಟಳು. ತಿದಿ ಉಸಿರೆಳೆಯಿತು.
ಇಳಿಸು ಬರುತ್ತದೆ ಅಂತ ಮುನ್ನೂರು ಜನ ಕಾದೆವು.
ಬಂದದ್ದು:
ಇಳಿಸಲಿ ಎಲ್ಲಿ.

ತೂಕದವರಿಗೆ ಒಂದು ವಿಷಯ ಗೊತ್ತು.
ಮೂಟೆ ಇಟ್ಟ ತಕ್ಷಣ ಮುಳ್ಳು ಓಡುತ್ತದೆ,
ಹಿಂದಕ್ಕೆ ಬರುತ್ತದೆ, ನಡುಗುತ್ತದೆ.
ಬೆಳೆದವನ ಕಣ್ಣು ಇರುವುದು ಆ ನಡುಕದ ಮೇಲೆ,
ದಲ್ಲಾಳಿ ನೋಡುವುದು ನಿಂತದ್ದನ್ನು.
ನಾನು ಬರೆಯುವುದೂ ನಿಂತದ್ದನ್ನೇ;
ನಡುಕಕ್ಕೆ ರಸೀದಿಯಲ್ಲಿ ಮನೆ ಇಲ್ಲ.
ಅವಳ ದನಿ ಅಲ್ಲಿತ್ತು.

ಜವರಯ್ಯನ ಬೆನ್ನುಮೂಳೆ ಸವೆದು ಮೂರು ವರ್ಷ.
ಗೇಟಿನ ಬಳಿ ಸ್ಟೂಲು, ಬೀಡಿ, ಲಾರಿ ನಂಬರು ಬರೆಯುವ ಕೆಲಸ.
ಮೆಟ್ಟಿಲು ಹತ್ತಲಾರದೆ ಹೊರಗಿಂದಲೇ ಕೇಳಿದ್ದ.
‘ಅದೇ ಹುಡುಗೀನಾ?’
ಅದೇ, ಅಂದೆ.
‘ಎತ್ತಕ್ಕಾಗಲ್ಲ ಕಣಯ್ಯ ಆ ಹಾಡಿಗೆ.’
ಇಲ್ಲ. ಎತ್ತಕ್ಕಾಗಲ್ಲ.
ಅವನ ಬೀಡಿ ಆರಿತ್ತು, ಹಚ್ಚಿಕೊಡು ಅನ್ನಲಿಲ್ಲ.
ಒಳಗೆ ಕುರ್ಚಿ ಮಡಚುವ ಸದ್ದು.
ಎಷ್ಟೋ ಹೊತ್ತಿನ ಮೇಲೆ
‘ಕೂತ್ಕಂಡು ಕೇಳಾಕೆ ಆಯ್ತದೆ’ ಅಂದು
ಸ್ಟೂಲಿನ ಅರ್ಧ ಬಿಟ್ಟುಕೊಟ್ಟ.