ತಳದಲ್ಲಿ ವಸಿ

ಬಚ್ಚಲ ನೀರು ನಿಂತು ನಿಂತು ಇಳಿಯತೊಡಗಿದಾಗಲೇ
ತಿಳಿಯಬೇಕಿತ್ತು ನನಗೆ.
ಗುಳುಗುಳು ಎಂದು ನೆಲದೊಳಗೆ ಯಾರೋ
ಮಾತಿಗೆ ಬಾಯಿ ತೆರೆದು ಮುಚ್ಚಿಕೊಂಡ ಹಾಗೆ.
ಮಂಡ್ಯದಲ್ಲಿ ಕಬ್ಬು ಅರೆಯುವ ತಿಂಗಳು,
ಕಾಕಂಬಿ ವಾಸನೆ ಊರಿಗೆಲ್ಲ ಹೊದಿಕೆ.
ಅದರಡಿಗೆ ನಮ್ಮದೂ ಒಂದಿಷ್ಟು ಸೇರಿದ್ದು
ನಾಲ್ಕು ದಿನ ಗೊತ್ತಾಗಲೇ ಇಲ್ಲ.
ಐದನೆಯ ದಿನ ಗಾಳಿ ತಿರುಗಿತು.
ಮಹಡಿ ಮನೆಯ ಪುಷ್ಪಲತಾ ಟೀಚರು
ಸೆರಗು ಮೂಗಿಗೊತ್ತಿಕೊಂಡೇ ನಮಸ್ಕಾರ ಅಂದರು.

ಕರೆಂಟು ಕಂಬದ ಮೇಲೆ ಕೆಂಪು ಅಚ್ಚಿನ ನಂಬರು.
ಹನ್ನೊಂದು ವರ್ಷ ಅದರ ಕೆಳಗೇ ಸ್ಕೂಟರು ನಿಲ್ಲಿಸಿದವಳು
ಮೊದಲ ಸಲ ತಲೆಯೆತ್ತಿ ಓದಿಕೊಂಡೆ.

'ಹೋದ್ಸಲ ಯಾವಾಗ ತೆಗ್ಸಿದ್ರಿ?' ಅಂದ.
ಗ್ಯಾಸು ಬಂದ ತಾರೀಖು ಕ್ಯಾಲೆಂಡರಿನಲ್ಲಿದೆ,
ಹಾಲಿನ ಲೆಕ್ಕವಿದೆ, ಚೀಟಿ ಎತ್ತಿದ್ದಿದೆ,
ಬೆಕ್ಕು ಮರಿ ಹಾಕಿದ್ದು ಕೂಡ.
ಇದೊಂದು ಇಲ್ಲ.
'ಮೂರು ವರ್ಷಕ್ಕೊಂದ್ಸಲನಾದ್ರೂ ಕಣಕ್ಕ'
ಬೈದ ಹಾಗಿರಲಿಲ್ಲ,
ಹಲ್ಲಿನ ಡಾಕ್ಟರು ಅನ್ನುತ್ತಾರಲ್ಲ, ಹಾಗೆ.

ನೀಲಿ ಟ್ಯಾಂಕರು ಬಂತು, ಬಂಪರಿಗೆ ನಿಂಬೆಹಣ್ಣು ಕಟ್ಟಿಕೊಂಡು.
ಚಿಕ್ಕತಾಯಪ್ಪ ಇಳಿದ, ಹಿಂದೆ ದೊರೆ ಎಂಬ ಹುಡುಗ.
'ಮುಚ್ಚಳ ಎಲ್ಲಕ್ಕ?'
ಮುಚ್ಚಳ.
ಮನೆ ಮಾರಿದ ಓವರ್‌ಸಿಯರು ಅಂಗಳಕ್ಕೆಲ್ಲ ಟೈಲ್ಸು ಹಾಸಿ
ಖಾತೆ, ಬೀಗದ ಕೈ, ಬೋರಿನ ಸ್ವಿಚ್ಚು ತೋರಿಸಿ ಹೋಗಿದ್ದರು.
ಇದನ್ನು ಕೇಳಲು ನಮಗೆ ನಾಚಿಕೆ,
ಹೇಳಲು ಅವರಿಗೆ.

ಹಾರೆಯ ಹಿಂಬದಿಯಿಂದ ನೆಲ ಬಡಿಯುತ್ತ ಹೋದ,
ತೆಂಗಿನಕಾಯಿ ಆರಿಸುವವರ ಹಾಗೆ ಕಿವಿಗೊಟ್ಟು.
ಸೀಬೆ ಗಿಡದ ಬಳಿ ಟಕ್. ತೊಟ್ಟಿಯ ಬಳಿ ಟಕ್.
ನಾನು ದಿನಾ ರಂಗೋಲಿ ಬಿಡುವಲ್ಲಿ
ಢಬ್ ಅಂತು.
ಅತ್ತೆ ಹೊಸಿಲಲ್ಲೇ 'ಶಿವನೇ' ಅಂದರು.
ಅವನು ರಂಗೋಲಿ ಪುಡಿಯನ್ನೇ ಕೇಳಿ ಇಸಿದುಕೊಂಡು
ಗೆರೆ ನಡುಗದಂತೆ ಚೌಕ ಎಳೆದ.

ನಾಲ್ಕು ಟೈಲು ಒಡೆದವು. ಚಪ್ಪಡಿ ಸರಿಯಿತು.
'ದೂರ ನಿಂತ್ಕಳಿ. ಬೀಡಿ ಗೀಡಿ ಹಚ್ಬ್ಯಾಡಿ.
ವಸಿ ಹೊತ್ತು ಉಸ್ರಾಡ್ಲಿ ಅದು.'
ಬಗ್ಗಿ ನೋಡಹೋದ ದೊರೆಯ ಕಾಲರು ಹಿಡಿದು ಎಳೆದ.
ಎಳೆದ ಕೈ ಬಹಳ ಹೊತ್ತು ಬಿಡಲಿಲ್ಲ.
'ಪೈಪು ಇಳೀತದೆ, ಮನ್ಸ ಇಳ್ಯಂಗಿಲ್ಲ.
ನಮ್ಮಪ್ಪ ಇಳ್ದಿದ್ದ.'
ಅಷ್ಟೇ. ಉಳಿದದ್ದನ್ನು ಮೋಟರು ಹೇಳಿತು,
ಮುಕ್ಕಾಲು ಗಂಟೆ.

ಮೂಗು ಮುಚ್ಚದೆ ನಿಂತೆ, ಹಟಕ್ಕೆ.
ಬೀಗರೂಟ, ನಾದಿನಿಯ ಬಾಣಂತನ,
ದಸರಾ ನೋಡಲು ಬಂದು ಹದಿನೈದು ದಿನ ಉಳಿದ ನೆಂಟರು,
ಅತ್ತೆಯ ಏಕಾದಶಿ, ಟೀಚರ ಮನೆಯ ಮೀನು,
ಯಾರದು ಯಾವುದೆಂದು ಗುರುತಿಲ್ಲದೆ
ಒಂದೇ ಬಣ್ಣವಾಗಿ ಮೇಲೇರಿತು.
ಜಾತಿ ಕೇಳಿ ಬಾಡಿಗೆ ಕೊಟ್ಟ ಮೂರು ಮನೆಗೂ
ಇರುವುದೊಂದೇ ಟ್ಯಾಂಕು.

'ಪೂರ್ತಿ ತೊಳೆದುಬಿಡಿ,' ಅಂದೆ, 'ಆಸಿಡ್ ಬೇಕಾದರೆ ತರಿಸುತ್ತೇನೆ.'
ಅವನು ನಕ್ಕ.
'ಬ್ಯಾಡ ಕಣಕ್ಕ. ತಳದಲ್ಲಿ ವಸಿ ಬುಡ್ಬೇಕು.
ಮೊಸ್ರಿಗೆ ಹೆಪ್ಪು ಬ್ಯಾಡ್ವಾ? ಹಂಗೆ.
ಪೂರಾ ತೊಳುದ್ರೆ ಒಳಗೆ ಗೇಯೋರು ಯಾರು?'

ಆಗ ಅತ್ತೆ ಮಜ್ಜಿಗೆ ತಂದರು.
ಮನೆಯಲ್ಲಿ ಲೋಟ ಇಪ್ಪತ್ನಾಲ್ಕಿವೆ. ಇದು ಪೇಪರು ಕಪ್ಪು,
ಮಗುವಿನ ಹುಟ್ಟುಹಬ್ಬಕ್ಕೆ ತಂದು ಉಳಿದದ್ದು, ಬಲೂನಿನ ಚಿತ್ರ.
ದೊರೆ ಗಟಗಟ ಕುಡಿದ.
ಚಿಕ್ಕತಾಯಪ್ಪ ಬಲೂನು ನೋಡಿದ,
'ಕೈ ಕೊಳೆ, ಆಮ್ಯಾಕೆ' ಅಂದು
ಕಾಂಪೌಂಡಿನ ಮೇಲಿಟ್ಟ.
ಒಳಗೆ ಹೋಗಿ ಲೋಟ ತರಬಹುದಿತ್ತು ನಾನು.
ದುಡ್ಡು ಎಣಿಸಿ ಕೊಟ್ಟೆ, ಚೌಕಾಸಿ ಮಾಡಲಿಲ್ಲ,
ಅದೇ ದೊಡ್ಡದೆನಿಸಿತು ಆಗ.

ರಾತ್ರಿ ಹೆಪ್ಪಿನ ಬಟ್ಟಲಿಗೆ ಚಮಚ ಇಳಿಸಿ
ಏಕೋ ಕೈ ಹಾಗೇ ಹಿಡಿದೆ.
ಕ್ಯಾಲೆಂಡರಿನಲ್ಲಿ ಬೆಕ್ಕಿನ ಮರಿಗಳ ಕೆಳಗೆ ಬರೆದೆ:
ಟ್ಯಾಂಕು. ಚಿಕ್ಕತಾಯಪ್ಪ. ನಂಬರು.

ಬೆಳಗ್ಗೆ ಟೈಲ್ಸಿನವನು 'ಮುಚ್ಬಿಡ್ಲಾ ಮೇಡಂ?' ಅಂದ.
ಬೇಡ, ಹಿಡಿಯಿರುವ ಚಪ್ಪಡಿ ಹಾಕು, ಕಾಣುವ ಹಾಗೆ.
ಚೌಕ ಇನ್ನೂ ಅಳಿಸಿರಲಿಲ್ಲ,
ಅದರ ಸುತ್ತ ನಾಲ್ಕು ಎಳೆ ಎಳೆದೆ.

ಕಾಂಪೌಂಡಿನ ಮೇಲೆ ಕಪ್ಪು ಹಾಗೇ ಇತ್ತು.
ಚೆಲ್ಲಲೆಂದು ಎತ್ತಿದವಳು ನಿಂತೆ.
ರಾತ್ರಿಯೆಲ್ಲ ಅಲುಗದೆ ಕೂತ ಮಜ್ಜಿಗೆ:
ಮೇಲೆ ತಿಳಿನೀರು,
ತಳದಲ್ಲಿ ವಸಿ.