ಕಾಲಿಂಚು

ಕಟ್ಟು ಹಾಕುವುದೆಂದರೆ
ಚಿತ್ರದ ನಾಲ್ಕೂ ಕಡೆ ಕಾಲಿಂಚು ನುಂಗುವುದು.
ಗಿರಾಕಿಗೆ ಇದನ್ನು ಯಾರೂ ಹೇಳುವುದಿಲ್ಲ.
ಪಟ್ಟಿಯ ಹೊಟ್ಟೆಯಡಿ ಒಂದು ಸಣ್ಣ ಮೆಟ್ಟಿಲಿರುತ್ತದೆ,
ಗಾಜು, ಚಿತ್ರ, ರಟ್ಟು ಅದರ ಮೇಲೆ ಕೂರಬೇಕು;
ಕೂತಷ್ಟೂ ಜಾಗ ಕತ್ತಲೆ.

ಅಜ್ಜ ಶಿರಸಿಯಲ್ಲಿ ಬೀಟೆಗೆ ಬಳ್ಳಿ ಕೆತ್ತುತ್ತಿದ್ದ.
ಮೂಲೆ ಬಂದಲ್ಲಿ ಉಳಿ ಕೆಳಗಿಟ್ಟು, ಕವಳ ಹಾಕಿ,
ಹೇಗೆ ತಿರುಗಿಸಲಿ ಇದನ್ನು ಎಂದು
ಅರ್ಧ ದಿನ ಸುಮ್ಮನೆ ಕೂರುತ್ತಿದ್ದನಂತೆ.
ನನ್ನ ಬಳ್ಳಿ ಹುಬ್ಬಳ್ಳಿಯ ಲಾರಿಯಲ್ಲಿ ಬರುತ್ತದೆ,
ಹತ್ತಡಿಗೆ ನೂರಾ ನಲವತ್ತು ರೂಪಾಯಿ,
ನಾಲ್ಕಿಂಚಿಗೊಂದು ಅದೇ ಎಲೆ,
ಎಲೆಯ ತುದಿಯಲ್ಲಿ ಅಚ್ಚಿನ ಅದೇ ಗಾಯ.
ನಲವತ್ತೈದು ಡಿಗ್ರಿಗೆ ಗರಗಸ ಇಟ್ಟೆನೋ,
ತುಂಡಾದಲ್ಲಿ ತುಂಡು.
ಹಬ್ಬುವಾಡದ ಗೋಡೆಗಳ ಮೇಲೆ ನನ್ನ ಎಷ್ಟು ಮೂಲೆಗಳಿವೆಯೋ,
ಒಂದರಲ್ಲೂ ಬಳ್ಳಿಗೆ ಬಳ್ಳಿ ಸಿಕ್ಕಿಲ್ಲ.
ಯಾರೂ ನೋಡುವುದಿಲ್ಲ. ನೋಡಲೂಬಾರದು:
ಕಟ್ಟು ಕಣ್ಣಿಗೆ ಬಿತ್ತೆಂದರೆ ಕೆಲಸ ಕೆಟ್ಟಿತು.

ಶೇವಂತಾ ತಾಂಡೇಲ ಬಂದದ್ದು
ಬೋಟುಗಳೆಲ್ಲ ದಡ ಸೇರಿದ ಒಂದು ಜೂನಿನಲ್ಲಿ.
ಕತ್ತರಿ ಆಡಿದ ಫೋಟೋ.
ಬೈತಕೋಲದ ಧಕ್ಕೆ, ಹಿಂದೆ ಎರಡು ಬೋಟು,
ಹಳದಿ ಸೀರೆಯಲ್ಲಿ ಅವಳೊಬ್ಬಳೇ.
‘ಬೋಟಾಂ ನಾಕಾ’ ಅಂದಳು.
ನಾನು ಘಟ್ಟದ ಮೇಲಿನವ.
ಬೋಟು ಮುಚ್ಚಿದರೆ ಫೋಟೋದಲ್ಲಿ ಏನುಳಿಯಿತು ಅಂದೆ.
ಅವಳು ನಗಲಿಲ್ಲ.
ಉಗುರಿನಿಂದ ತೋರಿಸಿದಳು, ಎಡಭುಜದ ಮೇಲೆ
ಕತ್ತರಿಗೆ ಸಿಗದೆ ಉಳಿದುಬಿಟ್ಟ
ನಾಲ್ಕು ಬೆರಳು.

ಕಾಲಿಂಚು ಸಾಲದು ಇದಕ್ಕೆ.
ಫೈಬರ್ ಬಿಟ್ಟು ಸಾಗವಾನಿ ಪಟ್ಟಿ ತೆಗೆದೆ,
ಎಡಬದಿಯ ಮೆಟ್ಟಿಲನ್ನು ಮುಕ್ಕಾಲಿಂಚಿಗೆ ಅಗೆದೆ
ಅಜ್ಜನ ಉಳಿಯಿಂದ.
ಆತ ಎಲೆ ಬಿಡಿಸಿದ ಉಳಿ. ಅದರಲ್ಲಿ ನಾನು
ಕತ್ತಲೆಗೆ ಜಾಗ ಮಾಡಿದೆ.

ಹನ್ನೊಂದು ವರ್ಷದ ಮೇಲೆ ಮತ್ತೆ ತಂದಳು.
ಉಪ್ಪುಗಾಳಿಗೆ ಮೊಳೆ ಪುಡಿಯಾಗಿ
ಮೂಲೆ ಬಾಯಿ ಬಿಟ್ಟಿತ್ತು.
ಬಿಚ್ಚಿ, ಮೇಜಿನ ಮೇಲೆ ಅಂಗಾತ ಇಟ್ಟೆ.
ಬಿಸಿಲು ಬೋಟುಗಳನ್ನು ತಿಂದಿತ್ತು,
ಸೀರೆ ತಿಂದಿತ್ತು, ಅವಳ ಮುಖ
ಅಕ್ಕಚ್ಚಿನ ಬಣ್ಣಕ್ಕೆ ತಿರುಗಿತ್ತು.
ಪಟ್ಟಿಯಡಿಯ ಮುಕ್ಕಾಲಿಂಚು ಮಾತ್ರ
ನಿನ್ನೆ ತೊಳೆಸಿ ತಂದ ಹಾಗೆ.
ಉಗುರ ಸಂದಿಯಲ್ಲಿ ಡೀಸೆಲ್ಲಿನ ಕಪ್ಪು,
ಉಂಗುರದಲ್ಲಿ ಒಂದು ಹಸಿರು ಹರಳು,
ಬೆರಳುಗಳು ಒತ್ತಿದಲ್ಲಿ
ಸೀರೆಯ ನಿಜವಾದ ಹಳದಿ, ಅಷ್ಟೇ ಅಷ್ಟು.

ಅವಳು ಬಗ್ಗಿ ನೋಡಿದಳು.
ಹೊರಗೆ ಸದಾಶಿವಗಡದ ಬಸ್ಸು ಬಂತು, ಹೋಯಿತು.
ಬೇಕಿದ್ದರೆ ಈ ಸಲ ಅಗಲ ಕಡಿಮೆ ಮಾಡಬಹುದು ಅಂದೆ,
ಹೇಳಬಾರದಿತ್ತೇನೋ.

‘ಇದೇ ಪಟ್ಟಿ ಇರಲಿ,
ಮೊಳೆ ಮಾತ್ರ ಹಿತ್ತಾಳೆಯದು ಹೊಡಿ,
ತುಕ್ಕು ಹಿಡಿಯದ್ದು.’

ಇಪ್ಪತ್ತು ರೂಪಾಯಿ ಹೆಚ್ಚಾಗುತ್ತದೆ ಅಂದೆ.
ಆಗಲಿ ಅಂದಳು.