ಉಪ್ಪಿನ ಲೆಕ್ಕ

ಮಂಗಳವಾರ, ಶುಕ್ರವಾರ ಮಾತ್ರ ತೆರೆಯುವ ಲೈಬ್ರರಿ ನಮ್ಮದು.
ನ್ಯೂಫೌಂಡ್‌ಲ್ಯಾಂಡಿನ ತೆಂಕಣ ದಂಡೆ,
ದೋಣಿಗಿಂತ ಮೊದಲು ಮಂಜು ಬಂದು ಮುಟ್ಟುವ ಊರು.
ಬಾಗಿಲಿಗೆ ಚೀಟಿ ಅಂಟಿಸಿದ್ದೆ:
ಹಳೆಯ ಕಾಗದ, ಫೋಟೋ, ಏನಿದ್ದರೂ ತನ್ನಿ,
ನಕಲು ತೆಗೆದು ಅಲ್ಲೇ ವಾಪಸು ಕೊಡುತ್ತೇವೆ.
ಚಹಾ ಇದೆ.

ಮೊದಮೊದಲು ಚಹಾಕ್ಕೇ ಬಂದರು.
ಆಮೇಲೆ ಮದುವೆಯ ಫೋಟೋಗಳು,
ಕನ್ನಡಕದ ಡಬ್ಬಿಯಲ್ಲಿ ಯಾರದೋ ಹಲ್ಲು
(ಅದನ್ನು ವಾಪಸು ಕಳಿಸಿದೆ),
ಖಾಲಿ ಪೀಪಾಯಿಗಳ ಮೇಲೆ ತೇಲಿಸಿ
ಕೊಲ್ಲಿ ದಾಟಿಸಿದ ಮನೆಯೊಂದರ ಚಿತ್ರ:
ಕಿಟಕಿಗೆ ಪರದೆ ಹಾಗೇ ಇದೆ,
ಹಿಂದೆ, ಬಿಟ್ಟುಬಂದ ದ್ವೀಪ.

ಡ್ರೂಸಿಲಾ ಪಾರ್ಡಿ ತಂದದ್ದು
ಅಪ್ಪನ ಅಂಗಡಿಯ ಬಾಕಿ ಪುಸ್ತಕ.
ಮೀನಿಗೆ ಉಪ್ಪು, ಉಪ್ಪಿಗೆ ಸಾಲ,
ಸಾಲಕ್ಕೆ ಮತ್ತೆ ಮೀನು.
"ಇದನ್ನು ಎಲ್ಲರೆದುರು ಬಿಚ್ಚಬಹುದೋ, ನೀನೇ ಹೇಳು."
ಸಾಲಗಾರರ ಮೊಮ್ಮಕ್ಕಳು ಅಲ್ಲೇ
ಸಾಲಾಗಿ ಕೂತು ಬಿಸ್ಕತ್ತು ಅದ್ದುತ್ತಿದ್ದರು.
ಮುಚ್ಚಿಟ್ಟೆ.

ಮೂರನೆಯ ಶುಕ್ರವಾರ ಲಿಯಾಂಡರ್ ಹಿಸ್ಕಾಕ್ ಬಂದ,
ಟೋಪಿ ಕೈಯಲ್ಲಿ.
"ನಮ್ಮವ್ವನ ಹಾಳೆ ಏನಾದರೂ..."
ಇತ್ತು.
ಉಪ್ಪು, ಎರಡು ಚೀಲ. ಕಾಕಂಬಿ. ದೀಪದ ಬತ್ತಿ.
ಮಾರ್ಚ್ ಹನ್ನೊಂದು:
ಕರಿ ದಾರ, ಒಂದು ಉಂಡೆ.
ಮೊಳೆ, ಅರ್ಧ ಪೌಂಡು, ಸಣ್ಣವು.

ಬೆರಳು ಅಲ್ಲೇ ನಿಂತಿತು.
"ಸಣ್ಣವು," ಎಂದ. "ಪೆಟ್ಟಿಗೆ ಎರಡಡಿಯದು.
ನನ್ನ ತಂಗಿ. ಹೆಸರಿಡುವ ಮೊದಲೇ.
ಚರ್ಚಿನ ಪುಸ್ತಕದಲ್ಲಿಲ್ಲ ಅವಳು. ಕಲ್ಲಿನ ಮೇಲೂ ಇಲ್ಲ."

ಅಂಚಿನಲ್ಲಿ ಮೊತ್ತ.
ತೀರಿತೆಂದು ಗೀಟು ಎಳೆದಿಲ್ಲ,
ಕೇಳಿದ ಗುರುತೂ ಇಲ್ಲ.
ಅವನು ಜೇಬಿಗೆ ಕೈ ಹಾಕಿದ. ಡ್ರೂಸಿಲಾ ಗದರಿದಳು:
"ಅಪ್ಪ ಕೇಳದ್ದನ್ನು ನಾನು ವಸೂಲಿ ಮಾಡಲೇನು?"
ಸ್ವಲ್ಪ ಹೊತ್ತು ಯೋಚಿಸಿ ಅವನೂ ಅಂದ,
"ಬಾಕಿ ಇರಲಿ ಬಿಡು.
ತೀರಿಸಿದರೆ ಅವಳ ಮೇಲೆ ಗೀಟು ಎಳೆಯಬೇಕಲ್ಲ."

ನಕಲು ತೆಗೆದೆ.
ಯಂತ್ರದ ಬೆಳಕು ಹಾಳೆಯಡಿ ನಿಧಾನ ಹಾದುಹೋಯಿತು,
ಮಲಗಿದವರ ಕೋಣೆಯಲ್ಲಿ ಲಾಟೀನು ಹಿಡಿದು ನಡೆದಂತೆ.
ನಗರದ ದೊಡ್ಡ ಲೈಬ್ರರಿ ಕಳಿಸಿದ ನಮೂನೆ ಇದೆ, ತುಂಬಬೇಕು:
ಕೊಟ್ಟವರು. ತಾರೀಖು. ಅಳತೆ.
"ಇದರಲ್ಲಿ ಬರುವ ವ್ಯಕ್ತಿಗಳು" ಎಂಬಲ್ಲಿ
ಅವನ ಅವ್ವನ ಹೆಸರು ಬರೆದು
ಅಲ್ಪವಿರಾಮ ಹಾಕಿ
ಪೆನ್ನು ಎತ್ತಿದೆ.

ದೋಣಿಯ ಸೀಟಿ ಕೇಳಿಸಿತು. ಲಿಯಾಂಡರ್ ಟೋಪಿ ಹಾಕಿಕೊಂಡ.
ನಗರದಿಂದ ಎರಡು ಸಲ ಪತ್ರ ಬಂದಿದೆ,
ನಮೂನೆ ಅಪೂರ್ಣ, ಸರಿಪಡಿಸಿ ಎಂದು.

ಅಲ್ಪವಿರಾಮ ಹಾಗೇ ಇದೆ.